ಹದಿನೈದು ವಾಟು

ದೊಡ್ಡ ಆಂಪ್ಲಿಫೈಯರು ಮೇ ತಿಂಗಳಲ್ಲೇ ಸತ್ತಿತು,
ಸುಟ್ಟ ಟ್ರಾನ್ಸ್‌ಫಾರ್ಮರಿನ ವಾಸನೆ ಇನ್ನೂ ನನ್ನ ಕೋಟಿನಲ್ಲಿದೆ.
ಉಳಿದದ್ದು ಇದು:
ನೆರೆಯವರು ಗೋಡೆ ಬಡಿಯದ ಹಾಗೆ
ಅಡುಗೆಮನೆಯಲ್ಲಿ ಅಭ್ಯಾಸಕ್ಕೆಂದು ಇಟ್ಟುಕೊಂಡ
ಬ್ರೆಡ್ಡಿನ ಡಬ್ಬದಷ್ಟು ಪೆಟ್ಟಿಗೆ.
ಎಂಟಂಗುಲದ ಸ್ಪೀಕರು. ಹದಿನೈದು ವಾಟು.
ಫ್ರಿಜ್ಜಿನೊಳಗಿನ ಬಲ್ಬೂ ಅಷ್ಟೇ.

ಹೊತ್ತು ತಂದೆ ಇದನ್ನೇ, ಸಾವೊ ಸೀಮೆಯ
ಸರೋವರದ ದಂಡೆಯ ಕುಣಿತದ ಮಂಟಪಕ್ಕೆ.
ಇನ್ನೂರು ಜೊತೆ ಬೂಟು, ಹಲಗೆಯ ನೆಲ,
ಐಮೋನ ಅಕಾರ್ಡಿಯನ್ನು, ಪೆಂಟಿಯ ಡ್ರಮ್ಮು.
ಇದ್ದಬದ್ದ ಗುಂಡಿಯನ್ನೆಲ್ಲ ಬಲಕ್ಕೆ ತಿರುಗಿಸಿದೆ,
ಆಸೆಗೆ ಗೊತ್ತಿರುವುದು ಅದೊಂದೇ ದಿಕ್ಕು.
ಮೊದಲ ಟ್ಯಾಂಗೊಗೇ ಪೆಟ್ಟಿಗೆ
ಗೂರಲು ಹಿಡಿದ ಮುದುಕನಂತೆ ಕೆಮ್ಮಿತು.

ಐಮೋ ಹುಬ್ಬೆತ್ತಿ ನನ್ನ ಕಡೆ ಬಾಗಿದ:
"ಲೆಂಪಿ, ನೀನು ಕೇಳಿಸುತ್ತಿಲ್ಲ.
ನೀನು ಮುರಿಯುತ್ತಿರುವುದು ಮಾತ್ರ ಕೇಳಿಸುತ್ತಿದೆ."

ಆಗ ಸಾಸೇಜಿನ ಗೂಡಂಗಡಿಯ ಬೆಂಚಿನಿಂದ ಎದ್ದು ಬಂದ ಕೌಕೊ.
ಮೂವತ್ತೆಂಟು ವರ್ಷ ಕಾಗದದ ಗಿರಣಿಯಲ್ಲಿ ನಿಂತವನು.
ಯಂತ್ರ ತಿಂದುಬಿಟ್ಟಿದೆ ಅವನ ಹಕ್ಕಿಗಳನ್ನು,
ಟೆಲಿಫೋನಿನ ಗಂಟೆಯನ್ನು, ಹೆಂಡತಿಯ ಮಾತಿನ
ಸಕಾರ ತಕಾರಗಳನ್ನು, ಸೊಳ್ಳೆಯನ್ನು.
(ಸೊಳ್ಳೆ ಹೋದದ್ದು ಲಾಭವೇ ಅನ್ನುತ್ತಾನೆ.)
ಉಳಿದದ್ದು ತಳ ಮಾತ್ರ.
ಅಕಾರ್ಡಿಯನ್ನು ಅವನ ಮಟ್ಟಿಗೆ
ಬಾಯಿ ತೆರೆದು ಮುಚ್ಚುವ ಮೀನು.
ಇಡೀ ಮಂಟಪದಲ್ಲಿ ಅವನಿಗೆ ಕೇಳುವವಳು ನಾನೊಬ್ಬಳೇ.

"ಬಾಸ್ ಗುಂಡಿ ಇಳಿಸು," ಅಂದ.
ಬಾಸ್ ನುಡಿಸುವವಳಿಗೆ ಹೇಳುವ ಮಾತೇ ಇದು?
"ಇಳಿಸು. ತಳದ ಸ್ವರ ಹೊಟ್ಟೆಬಾಕ ನೆಂಟ,
ಹದಿನೈದರಲ್ಲಿ ಹನ್ನೆರಡು ಅವನೇ ಉಣ್ಣುತ್ತಾನೆ.
ಉಳಿದ ಮೂರರಲ್ಲಿ ನೀನು ಮಾತಾಡುತ್ತೀ."

ಇಳಿಸಿದೆ. ನಡುವಿನ ಗುಂಡಿ ಏರಿಸಿದೆ.
ಗೇನು ಅರ್ಧ, ಮಾಸ್ಟರು ಪೂರ್ತಿ.
ಪೆಟ್ಟಿಗೆಯನ್ನು ನೆಲದಿಂದೆತ್ತಿ ಬಿಯರ್ ಕ್ರೇಟಿನ ಮೇಲಿಟ್ಟು
ಬೆನ್ನಿಗೆ ಗೋಡೆ, ಗದ್ದಕ್ಕೊಂದು ಬರ್ಚ್ ಕೊರಡು:
ಮೊಣಕಾಲಿಗೆ ಹೇಳುತ್ತಿದ್ದುದನ್ನು ಇನ್ನು ಕಿವಿಗೆ ಹೇಳಲಿ.
"ಬೆರಳು," ಅಂದ ಕೌಕೊ, "ತಂತಿಯೇನು ಕಳೆಯೇ,
ಬೇರುಸಹಿತ ಕೀಳುವುದಕ್ಕೆ?"
ಪೆಂಟಿ ಮುಖ ಸಿಂಡರಿಸಿ ಕೋಲು ಬಿಟ್ಟು ಬ್ರಷ್ಷು ಹಿಡಿದ.

ಆಮೇಲೆ ಒಂದು ಸ್ವರ.
ತೊಳೆದ ಆಲೂಗಡ್ಡೆಯ ಹಾಗೆ
ದುಂಡಗೆ, ಮಣ್ಣಿಲ್ಲದೆ.
ಅದರ ಹಿಂದೆ ಇನ್ನೊಂದು.
ಕೊನೆಯ ಕಂಬದ ಹತ್ತಿರ ಕೆರ್ತು ಮತ್ತವಳ ಎರಡನೇ ಗಂಡ
ಆ ರಾತ್ರಿ ಮೊದಲ ಸಲ ಒಟ್ಟಿಗೆ ತಿರುಗಿದರು.
ಅದೇ ಹದಿನೈದು ವಾಟು,
ಸೋರುವುದು ನಿಂತಿತ್ತು, ಅಷ್ಟೇ.

ಕೌಕೊನತ್ತ ನೋಡಿದೆ.
ಹಲಗೆಗೆ ಅಂಗೈ ಒತ್ತಿ ಕೂತಿದ್ದವನು ಕೈ ತೆಗೆದು
ಆ ಕೈಯನ್ನೇ ನೋಡಿಕೊಂಡ.
ಎಲ್ಲರಿಗೂ ನಾನು ದಕ್ಕಿದ ಹೊತ್ತಿನಲ್ಲಿ
ಅವನಿಗೆ ತೆಳುವಾಗಿದ್ದೆ.
ಇದು ಗೊತ್ತಿದ್ದೇ ಹೇಳಿದನೇ ಇಳಿಸು ಅಂತ?
ಕೇಳಲಿಲ್ಲ. ಅವನನ್ನು ಕೇಳಬೇಕಾದರೆ ಕೂಗಬೇಕು,
ಕೂಗಿದರೆ ಊರಿಗೆಲ್ಲ ಕೇಳುತ್ತದೆ.

ಒಂದೂವರೆ ಗಂಟೆ. ಫಿನ್ಲೆಂಡಿನ ಜೂನಿನಲ್ಲಿ
ರಾತ್ರಿ ಅನ್ನುವುದು ಮಾತಿಗೆ.
ಪೈನ್ ಮರಗಳ ಹಿಂದೆ ಈಗಷ್ಟೇ ಇಳಿದ ಸೂರ್ಯ
ಏನೋ ಮರೆತವನಂತೆ ಆಗಲೇ ಮರಳುವ ಸನ್ನಾಹದಲ್ಲಿದ್ದ.
ಅಕಾರ್ಡಿಯನ್ನು ಪೆಟ್ಟಿಗೆ ಸೇರಿತು, ಕಾರುಗಳು ಹೋದವು,
ಗೂಡಂಗಡಿಯ ಹುಡುಗಿ ಬಾಟಲಿ ಎಣಿಸುತ್ತಿದ್ದಳು.

ಕ್ರೇಟಿನಿಂದ ಅದನ್ನಿಳಿಸಿದೆ.
ಬರಿ ಹಲಗೆಯ ಮೇಲೆ ಬೋರಲು ಮಲಗಿಸಿ
ಬಾಸ್ ಗುಂಡಿಯನ್ನು ಪೂರ್ತಿ ಬಲಕ್ಕೆ ತಿರುಗಿಸಿ
ತೀರ ಕೆಳಗಿನ ತಂತಿಯನ್ನು ಮೀಟಿದೆ.
ಹೊಲಸು ಸದ್ದು.
ಮಾಡಿನ ತಗಡು ನಡುಗಿತು, ಎಣಿಸಿಟ್ಟ ಬಾಟಲಿಗಳು
ಒಂದಕ್ಕೊಂದು ತಾಗಿದವು, ಹುಡುಗಿ ಬೈದಳು.

ಕೌಕೊ ಬೂಟು ಬಿಚ್ಚಿದ.
ಕಾಲುಚೀಲ ಬಿಚ್ಚಿ ಬೂಟಿನೊಳಗೆ ತುರುಕಿದ.
ಆರಕ್ಕೆ ನನ್ನ ಬಸ್ಸು ಹೊರಡಬೇಕು ಕಣೋ, ಅಂದೆ,
ಡ್ರೈವರು ನಾನೇ.
ಕೇಳಿಸಲಿಲ್ಲ ಅವನಿಗೆ.
ಇನ್ನೊಂದು ಅಂತ ಬೆರಳೆತ್ತಿದ.