ತೆಪ್ಪೇಯಿಯ ಪಾಳಿ

ಹಚಿನೊಹೆ ಬಂದರಿನ ಹರಾಜುಕಟ್ಟೆಯಲ್ಲಿ
ಅಪ್ಪನ ನಾಲಿಗೆಗೆ ಬ್ರೇಕಿಲ್ಲ.
ಒಂದೇ ಉಸಿರಿಗೆ ನಲವತ್ತು ಪೆಟ್ಟಿಗೆ ಸ್ಕ್ವಿಡ್ ಮಾರಿ
ಮುಂದಿನ ಸಾಲಿಗೆ ದಾಟಿರುತ್ತಾನೆ;
ಕೊಂಡವನಿಗೆ ತಾನು ಕೊಂಡದ್ದು ಆಮೇಲೆ ತಿಳಿಯುತ್ತದೆ.

ಅಂಥವನ ಮಗ ನನ್ನ ತಮ್ಮ.
ತನ್ನದೇ ಹೆಸರಿನ ಹೊಸಿಲಲ್ಲಿ
ಮೂರು ಸಲ ಎಡವುತ್ತಾನೆ.
ಊಟಕ್ಕೆ ಕೂತಾಗ ಅವನ ವಾಕ್ಯಗಳನ್ನೆಲ್ಲ
ನಾವೇ ಮುಗಿಸಿಕೊಟ್ಟೆವು, ಅವಸರಕ್ಕೆ, ಪ್ರೀತಿಗೆ.
ಅವನಿಗೆ ಬೇಕಿದ್ದದ್ದು ಮೂಲಂಗಿ,
ಬಡಿಸಿದ್ದು ಯಾವಾಗಲೂ ಮೀನು.

ರಾತ್ರಿ, ಸೀಮೆಎಣ್ಣೆ ಒಲೆಯ ಪಕ್ಕದ ಹಳೇ ಟೀವಿಯಲ್ಲಿ
ಏಳು ಹೆಡೆಯ ಹಿಮಸರ್ಪ ಬಾಯಿ ತೆರೆದು ನಿಂತಿದೆ.
ನಿಂತೇ ಇದೆ.
ಹೊಡೆ. ಮಂತ್ರ. ಕಾಯು. ಚೀಲ.
ನಾಲ್ಕು ಪದಗಳ ಪಕ್ಕ ಒಂದು ಬಾಣ ಮಿನುಗುತ್ತದೆ.
ಇವನು ಎದ್ದು ಹೋಗಿ ನೀರು ಕುಡಿದು ಬಂದರೂ
ಸರ್ಪ ಅಲುಗುವುದಿಲ್ಲ.
ಊರಿನಲ್ಲಿ ಅಷ್ಟು ಸಭ್ಯರು ಇನ್ಯಾರಿದ್ದರು!

ಹನ್ನೊಂದು ಸಲ ಸತ್ತ. ಒಂದೊಂದು ಸಾವನ್ನೂ
ಗಣಿತದ ನೋಟಿನ ಹಿಂಬದಿ ಬರೆದಿಟ್ಟ:
ಮೂರು ಸುತ್ತಿಗೊಮ್ಮೆ ಅದು ಉಸಿರೆಳೆಯುತ್ತದೆ,
ಎಳೆದದ್ದನ್ನು ಮರುಸುತ್ತಿಗೆ ಹಿಮವಾಗಿ ಉಗುಳುತ್ತದೆ.
ಆಗ ಹೊಡೆಯುವವ ಮೂರ್ಖ. ಆಗ ಕಾಯಬೇಕು.
ಮದ್ದುಗಾರ್ತಿಗೆ ಬೇಕೆಂದೇ ಭಾರದ ಬೂಟು ತೊಡಿಸು,
ಎಲ್ಲರಿಗೂ ಪೆಟ್ಟು ಬಿದ್ದಾದ ಮೇಲೆ ಅವಳ ಸರದಿ ಬರಲಿ.
ವಿಷ ಹಾಕು, ಸ್ವಲ್ಪವೇ ಸಾಕು;
ಅದು ನಮ್ಮ ಪಾಳಿ ಕೇಳದೆ ತನ್ನಷ್ಟಕ್ಕೆ ದುಡಿಯುತ್ತದೆ.
ಮತ್ತೆ, ಕೆಂಪು ಶಾಯಿಯಲ್ಲಿ:
ಸಂಜೀವಿನಿಯನ್ನು ಕೊನೆಗಿರಲಿ ಎಂದು ಇಟ್ಟುಕೊಂಡೇ
ಹನ್ನೊಂದು ಸಲವೂ ಸತ್ತದ್ದು.

ಫೆಬ್ರವರಿಯ ಬಿರುಗಾಳಿಗೆ ಒಂದು ದಿನ ದೋಣಿ ಹೊರಡಲಿಲ್ಲ.
ಹರಾಜಿಲ್ಲದ ಅಪ್ಪ ಮನೆಯೆಲ್ಲ ಸುತ್ತಿ, ಕಪಾಟು ತೆಗೆದು ಮುಚ್ಚಿ,
ಕಡೆಗೆ ಟೀವಿಯ ಮುಂದೆ ಕೂತು 'ಕೊಡು ಇಲ್ಲಿ' ಎಂದ.
ಹೊಡೆ. ಹೊಡೆ. ಹೊಡೆ. ಹೊಡೆ.
ಎರಡು ನಿಮಿಷಕ್ಕೆ ಪಡೆಯೆಲ್ಲ ಮಣ್ಣು ಮುಕ್ಕಿತು.
ಮತ್ತೆ. ಇನ್ನೂ ಬೇಗ ಮುಕ್ಕಿತು.
'ಯಂತ್ರವೇ ಕೆಟ್ಟಿದೆ' ಎಂದ, ಇನ್ನೊಮ್ಮೆ ಶುರುಮಾಡುತ್ತ.

ತಮ್ಮ ಬಾಯಿ ತೆರೆದ. 'ಕಾ'
ಉಳಿದದ್ದು ನನ್ನ ನಾಲಿಗೆಯ ತುದಿಯಲ್ಲೇ ಇತ್ತು.
ಅಮ್ಮ ನನ್ನ ಮಂಡಿ ಚಿವುಟಿದಳು.
'ಕಾ, ಕಾ'
ಪರದೆಯಲ್ಲಿ ಸರ್ಪ ಉಸಿರೆಳೆದು ನಿಂತಿತ್ತು.
ಅಪ್ಪನ ಹೆಬ್ಬೆರಳು ಗುಂಡಿಯ ಮೇಲೆ, ಒತ್ತದೆ.
ಒಲೆಯ ಮೇಲಿನ ಕೆಟಲು ಮಾತ್ರ ಮಾತಾಡುತ್ತಿತ್ತು.
ಎಷ್ಟು ಹೊತ್ತೋ.
'ಕಾಯಬೇಕು. ಈಗ.'

'ಯಾಕೆ?' ಅಂತ ಕೇಳಿದ ಅಪ್ಪ.
ಕೇಳಿ, ಸುಮ್ಮನೆ ಕೂತ.

ಅವತ್ತು ಗೆದ್ದದ್ದು ಸರ್ಪವೇ.
ಸಂಜೀವಿನಿ ತೆಗೆಯಲು ಅಪ್ಪನಿಗೆ ಕೈ ಬರಲಿಲ್ಲ.
ಅಷ್ಟು ಬೆಲೆಯ ಸರಕನ್ನು
ಒಂದು ಹಾವಿಗೋಸ್ಕರವೇ, ಎಂದ.