ಶೇಕಡಾ ಇಪ್ಪತ್ತು

ತೋರ್ಶಾವ್ನ್ ಊರಿನ ಧ್ವನಿ ಭಂಡಾರಕ್ಕೆ
ಬೆಳಗಿನಿಂದ ಒಂದೇ ದೂರು:
ಮಾಲನ್ ಅಜ್ಜಿಯ ಟೇಪು ಸಿಗುತ್ತಿಲ್ಲ.

ಸುನ್ವಾ ಕೊಂಡಿ ಬಿಚ್ಚಿ ನೋಡುತ್ತಾಳೆ.
ಹಿಂದೊಮ್ಮೆ ಯಾರೋ ಪುಣ್ಯಾತ್ಮ
ಕಡತಕ್ಕೆ ಬಾಯ್ತುಂಬ ಹೆಸರಿಟ್ಟಿದ್ದಾನೆ:
‘ಮಾಲನ್ & ತಮ್ಮ ದೋಣಿ #೭ ಬಂದನೇ?’

& ಕಂಡದ್ದೇ ತಡ, ತಮ್ಮ ಬೇರೆ ಮನೆಯವನಾದ.
# ದಾಟಿದ್ದು ಸರ್ವರಿನ ಕಿವಿಗೇ ಬೀಳಲಿಲ್ಲ;
ಏಳನೆಯ ದೋಣಿ ಈ ದಡದಲ್ಲೇ ಉಳಿಯಿತು.
ಇನ್ನು ಖಾಲಿ ಜಾಗ—
ಉಸಿರಿಗೆಂದು ನಿಂತರೆ ಸಾಕು,
ಮಾತು ಮುಗಿಯಿತೆಂದು ಫೋನ್ ಇಡುವವರಿದ್ದಾರಲ್ಲ,
ಹಾಗೆ.

ಕಡಲಿಗಿಳಿಯುವವರಿಗೆ ಎಣ್ಣೆಬಟ್ಟೆ ತೊಡಿಸಿದಂತೆ
ಒಂದೊಂದಕ್ಕೂ ತೊಡಿಸುತ್ತಾಳೆ:
& ಈಗ %26, # ಈಗ %23,
ಕೇಳಿದ ಪ್ರಶ್ನೆಗೂ ಒಂದು ಅಂಕಿ.
ಖಾಲಿ ಜಾಗ, %20.

‘ಏನೂ ಇಲ್ಲದ್ದಕ್ಕೂ ಶೇಕಡಾ ಇಪ್ಪತ್ತು ಸುಂಕವೇ?’
ನೆಲ ಒರೆಸುತ್ತ ಕೇಳುತ್ತಾನೆ ಹೆರ್ಗೈರ್.
ಅವಳು ನಕ್ಕ ಭರದಲ್ಲಿ
ತೊಟ್ಟದ್ದಕ್ಕೇ ಇನ್ನೊಮ್ಮೆ ತೊಡಿಸಿಬಿಟ್ಟಳು: %2520.
ಅಂಗಿಯ ಮೇಲೆ ಅಂಗಿ,
ಒಳಗೆ ಯಾರೆಂದು ಅಂಗಿಗೇ ತಿಳಿಯದು.
ಒಂದು ಪದರ ಬಿಚ್ಚಿದಳು.

ಮೂರೂವರೆಗೇ ಕತ್ತಲು. ಟೇಪು ಬಾಯಿಬಿಟ್ಟಿತು:
‘ಆ ದಿನ ತಮ್ಮ ಬುತ್ತಿ ಮರೆತು ಹೋದ.
ಹಿಡಿದುಕೊಂಡು ಓಡಿದೆ. ದಡದಲ್ಲಿ...’

ಅಲ್ಲಿ ಮಾಲನ್ ನಿಲ್ಲುತ್ತಾಳೆ.
ಹನ್ನೊಂದು ಸೆಕೆಂಡು, ಬರೀ ಟೇಪಿನ ಸರಸರ.

ಹೆರ್ಗೈರ್ ಬಕೆಟ್ಟನ್ನು
ಸದ್ದಾಗದಂತೆ ಕೆಳಗಿಟ್ಟ.
ಸರ್ವರು ಕೂಡ
ಕಾಯುತ್ತಿತ್ತು.