ಬಂದರು ಮುಚ್ಚಿದೆ

ಪುಂತಾ ಅರೇನಾಸಿನಲ್ಲಿ ಗಾಳಿ ಎದ್ದ ದಿನ
ನಗರಸಭೆಯವರು ರಸ್ತೆಯ ಮೂಲೆಗಳಿಗೆ ಹಗ್ಗ ಕಟ್ಟುತ್ತಾರೆ.
ಮುದುಕಿಯರು, ಸ್ಕೂಲು ಮಕ್ಕಳು,
ಬ್ಯಾಂಕಿನ ಮ್ಯಾನೇಜರು ಕೂಡ
ಹಿಡಿದುಕೊಂಡೇ ದಾಟುತ್ತಾರೆ.
ಯಾರೂ ನಾಚುವುದಿಲ್ಲ.
ನಾನೂ ಹಿಡಿದೇ ದಾಟಿದೆ ಇವತ್ತು,
ಟೋಪಿಯನ್ನು ಹಲ್ಲಲ್ಲಿ ಕಚ್ಚಿಕೊಂಡು.

ಕಾಲೇಜಿನ ಎರಡನೇ ಮಹಡಿ, ಜೆರಾಕ್ಸ್ ಅಂಗಡಿಯ ಪಕ್ಕ
ಒಂದು ಬಾಗಿಲು: ವಿದ್ಯಾರ್ಥಿ ಸಮಾಲೋಚನೆ.
ಹೊರಗೆ ಮೂರು ಕುರ್ಚಿ, ಒಂದಕ್ಕೆ ಕಾಲು ಕುಂಟು.
ಹೋದ ವಾರ ಎರಡು ಸಲ ಬಂದಿದ್ದೆ,
ಎರಡು ಸಲವೂ ಜೆರಾಕ್ಸ್ ಮಾಡಿಸಿಕೊಂಡು ಹಿಂದಿರುಗಿದ್ದೆ.
ನನ್ನ ಬ್ಯಾಗಿನಲ್ಲೀಗ ಒಂದೇ ಗುರುತಿನ ಚೀಟಿಯ
ಹನ್ನೊಂದು ಪ್ರತಿಗಳಿವೆ.
ಎಲಿಸೇಯೊ ಬಾರ್ರಿಯಾ, ಹನ್ನೊಂದು ಸಲ,
ಪ್ರತಿಯಿಂದ ಪ್ರತಿಗೆ ಮುಖ ಇಷ್ಟಿಷ್ಟೇ ಕಪ್ಪಾಗುತ್ತ.

ಒಳಗೆ ಇರಿಸ್ ಮಾನ್ಸಿಯಾ.
ನಮ್ಮ ಚಿಕ್ಕಮ್ಮನಷ್ಟು ವಯಸ್ಸು, ಮೂಗು ಕಟ್ಟಿದ ನೆಗಡಿ.
ಹೀಟರು ಕೆಟ್ಟಿದೆ, ಕೋಟು ಬಿಚ್ಚಬೇಡಿ, ಎಂದರು.
ಅಷ್ಟಕ್ಕೇ ಯಾಕೋ ಜೀವ ಹಗುರಾಯಿತು.
ಬಿಚ್ಚುವುದೇ ಇಲ್ಲಿಯ ಕೆಲಸ ಎಂದುಕೊಂಡು ಬಂದವನು ನಾನು.

ಫಾರ್ಮಿನಲ್ಲಿ ಒಂದು ಪ್ರಶ್ನೆ: ಯಾವಾಗಿನಿಂದ?
ಮುಂದೆ ಅರ್ಧ ಗೆರೆ ಖಾಲಿ.
ಜ್ವರವಾದರೆ ಹೇಳಬಹುದು, ಮಂಗಳವಾರದಿಂದ.
ಹಲ್ಲುನೋವಾದರೆ ಇಂಥ ಹಲ್ಲು ಎಂದು ಬೆರಳಿಡಬಹುದು.
ಇದು ಹಾಗಲ್ಲ.
ಬೆಳಿಗ್ಗೆ ಷೂ ಲೇಸು ಕಟ್ಟಲು ಬಗ್ಗಿದವನು
ಬಗ್ಗಿಯೇ ಇರುತ್ತೇನೆ; ಬಸ್ಸು ಹೋದ ಸದ್ದಾಗುತ್ತದೆ.
ಹಡಗಿನ ಎಂಜಿನ್ನಿನ ಚಿತ್ರ ಬರೆಯುತ್ತೇನೆ, ಚೆನ್ನಾಗಿಯೇ,
ಮಾರ್ಕ್ಸು ಬಂದಿವೆ,
ರೂಮಿನ ಗಸ್ತೋನನ ಗಿಟಾರಿಗೆ ತಾಳ ಹಾಕುತ್ತೇನೆ, ನಗುತ್ತೇನೆ.
ಎಲ್ಲ ಮುಗಿದ ಮೇಲೆ ಎದೆಯೊಳಗಿನಿಂದ
ಯಾರೋ ದೀಪ ಆರಿಸಿ, ಬಾಗಿಲು ಎಳೆದುಕೊಂಡು
ಹೊರಟುಹೋದ ಹಾಗೆ.
ಅರ್ಧ ಗೆರೆಯಲ್ಲಿ ಇದನ್ನು ಬರೆಯುವುದು ಹೇಗೆ?
ಆಗಸ್ಟ್, ಎಂದು ಬರೆದೆ.

ಮನೆಗೆ ಹೋಗಿ ಎಷ್ಟು ದಿನವಾಯಿತು, ಕೇಳಿದರು.
ಮನೆ ಇರುವುದು ಜಲಸಂಧಿಯ ಆಚೆ ದಡ, ಪೊರ್ವೆನೀರಿನಲ್ಲಿ.
ಫೆರಿ ಹತ್ತಿದರೆ ಎರಡು ಗಂಟೆಯ ಮೇಲಿಷ್ಟು.
ಶನಿವಾರ ಶನಿವಾರ ಅಮ್ಮನಿಗೆ ಫೋನು ಮಾಡಿ ಹೇಳುತ್ತೇನೆ,
ಗಾಳಿ ಅಮ್ಮಾ, ಬಂದರು ಮುಚ್ಚಿದೆ.
ನಮ್ಮ ಕಡೆ ಈ ಮಾತಿಗೆ ಎದುರಾಡುವವರಿಲ್ಲ.
ಇದರಿಂದ ಮದುವೆಗಳು ಮುಂದೆ ಹೋಗಿವೆ,
ಹೆಣಗಳು ಕಾದಿವೆ.
ಹೌದು ಮಗಾ, ಜೋರಿದೆ, ಬೆಚ್ಚಗಿರು, ಎನ್ನುತ್ತಾಳೆ.
ಏಳು ಶನಿವಾರ.

ಹೇಳುತ್ತ ಹೇಳುತ್ತಲೇ ಹೊಳೆಯಿತು:
ಅಮ್ಮ ಏಡಿ ಬಿಡಿಸುವ ಕಾರ್ಖಾನೆಯ ಕಿಟಕಿ
ಫೆರಿ ಬಂದು ನಿಲ್ಲುವ ಕಟ್ಟೆಗೆ ನೇರ ಎದುರು.
ಏಳು ಶನಿವಾರವೂ ಅವಳು ಕಂಡಿದ್ದಾಳೆ
ಹಡಗು ಹೊತ್ತಿಗೆ ಸರಿಯಾಗಿ ಬಂದದ್ದನ್ನು,
ಬಾಯಿ ತೆರೆದದ್ದನ್ನು,
ಲಾರಿ, ಕುರಿ, ಪಕ್ಕದ ಮನೆಯ ಹುಡುಗ ಇಳಿದದ್ದನ್ನು.
ಕಂಡು, ಕೈಯ ಉಪ್ಪುನೀರು ಒರೆಸಿಕೊಂಡು, ಫೋನೆತ್ತಿ
ಹೌದು ಮಗಾ, ಎಂದಿದ್ದಾಳೆ.

ಮಾತು ಅಲ್ಲಿಗೆ ನಿಂತಿತು.
ಇರಿಸ್ ಮೇಜಿನ ಮೇಲಿನ ಡಬ್ಬಿ ನನ್ನತ್ತ ಸರಿಸಿದರು.
ಖಾಲಿ. ಅವರ ನೆಗಡಿಗೇ ಮುಗಿದಿತ್ತು.
ಬ್ಯಾಗಿನಿಂದ ನನ್ನದೇ ಒಂದು ಪ್ರತಿ ತೆಗೆದು
ಮೂಗು ಒರೆಸಿಕೊಂಡೆ.
ಮೊದಲು ನಕ್ಕವರು ಅವರು.

ನಲವತ್ತು ನಿಮಿಷದಲ್ಲಿ ಬೇರೇನೂ ಆಗಲಿಲ್ಲ.
ಮುಂದಿನ ಗುರುವಾರ ನಾಲ್ಕು ಗಂಟೆ, ಎಂಬ ಒಂದು ಚೀಟಿ.
ಒಳಗಿನ ಕತ್ತಲೆ ಕತ್ತಲೆಯಾಗಿಯೇ ಇತ್ತು,
ಆದರೆ ಯಾರೋ ಬಾಗಿಲು ತಟ್ಟಿ, ಒಳಗಿದ್ದೀರಾ, ಎಂದು
ಕೇಳಿ ಹೋದಂತೆ.

ಹೊರಗೆ ಗಾಳಿ ಬಿದ್ದುಹೋಗಿತ್ತು.
ನಗರಸಭೆಯವರು ಹಗ್ಗ ಸುತ್ತುತ್ತಿದ್ದರು.
ಅಮ್ಮನಿಗೆ ಫೋನು ಮಾಡಿದೆ. ಹಿಂದೆ ಕಾರ್ಖಾನೆಯ ನೀರಿನ ಸದ್ದು.
ಏನಾಯಿತೋ, ಇವತ್ತು ಶನಿವಾರವಲ್ಲವಲ್ಲ?
ಏನಿಲ್ಲ. ಅಲ್ಲಿ ಗಾಳಿ ಹೇಗಿದೆ?
ಸ್ವಲ್ಪ ಹೊತ್ತು ಬರೀ ನೀರು.
ಇಲ್ಲಿ ಇಲ್ಲ, ಎಂದಳು. ಅಲ್ಲಿ?

ಒಂದೆಲೆಯೂ ಅಲ್ಲಾಡದ ಬೀದಿಯಲ್ಲಿ ನಿಂತು
ಇದೆ ಅಮ್ಮಾ, ಎಂದೆ,
ಆಗಸ್ಟಿನಿಂದ.